ನಾರ್ಮಲ್ ಎಂದು ಬರೆದ ಕೊಳವೆ

ನಮ್ಮ ಆಸ್ಪತ್ರೆಯ ಲ್ಯಾಬಿಗೂ ನನ್ನ ಔಷಧಿ ಕೌಂಟರಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಲ್ಲೊಂದು ಕಿಟಕಿ. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಇಡಿಸಿದನೋ, ಅದರ ಬಾಗಿಲು ಇಂದಿಗೂ ಮುಚ್ಚಲು ಬರುವುದಿಲ್ಲ. ಹಾಗಾಗಿ ಲ್ಯಾಬಣ್ಣನ ಬದುಕನ್ನು ನಾನು ಇಣುಕಿ ನೋಡಿದ್ದಲ್ಲ, ತಾನಾಗಿ ಕಣ್ಣಿಗೆ ಬಿದ್ದದ್ದು. ಕಣ್ಣಿಗೆ ಬಿದ್ದದ್ದನ್ನು ನೋಡದೆ ಬಿಡುವಷ್ಟು ದೊಡ್ಡ ಗುಣ ನನಗಿಲ್ಲ.

ಲ್ಯಾಬಣ್ಣ ಎತ್ತರದ, ಒಣಕಲು ಮನುಷ್ಯ. ಒಗೆದು ಒಗೆದು ತೆಳ್ಳಗಾದ ಬಿಳಿ ಕೋಟು, ಕೊರಳಿಗೆ ದಾರ ಕಟ್ಟಿ ತೂಗುಹಾಕಿಕೊಂಡ ಸ್ಟಾಪ್‌ವಾಚು. ನಾನು ಒಂದು ದಿನಕ್ಕೆ ಆಡುವ ಮಾತನ್ನು ಅವರು ಇಡೀ ವರ್ಷಕ್ಕೆ ಹಂಚಿಕೊಂಡು ಆಡುತ್ತಿದ್ದರು. ಬೆಳಿಗ್ಗೆ ಒಂದು "ಬಂದ್ಯೇನಮ್ಮಾ", ಸಂಜೆ ಒಂದು "ಬರ್ತೀನಮ್ಮಾ". ನಡುವೆ ದನಿ ಕೇಳಿಸಿತೆಂದರೆ ಅದು ಯಾವುದೋ ನರ್ಸಿನ ಗ್ರಹಚಾರ.

ನರ್ಸುಗಳ ಜೊತೆ ಅವರ ಜಗಳವೆಲ್ಲ ನೀಲಿ ಮುಚ್ಚಳದ ಕೊಳವೆಯದ್ದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆಗೆ ಆ ಕೊಳವೆಯಲ್ಲೇ ರಕ್ತ ತೆಗೆಯಬೇಕು. ಅದರ ತಳದಲ್ಲಿ ಮೊದಲೇ ಒಂದಿಷ್ಟು ದ್ರವ ಇರುತ್ತದೆ. ರಕ್ತ ಸರಿಯಾಗಿ ಗೆರೆ ಮುಟ್ಟುವವರೆಗೆ ತುಂಬಬೇಕು. ಕಡಿಮೆಯಾದರೆ ದ್ರವದ ಪಾಲು ಹೆಚ್ಚಾಗಿ, ರಕ್ತ ಇರುವುದಕ್ಕಿಂತ ತೆಳುವಾಗಿದೆಯೆಂದು ಪರೀಕ್ಷೆ ಸುಳ್ಳು ಹೇಳುತ್ತದೆ. "ಗೆರೆ ಮುಟ್ಟಿಲ್ಲ, ವಾಪಸ್ ತಗೊಂಡ್ಹೋಗಿ" ಎಂದು ಅವರು ಕೊಳವೆಯನ್ನು ಮುಂದಕ್ಕೆ ತಳ್ಳಿದರೆ ಮುಗಿಯಿತು, ದೊಡ್ಡ ಡಾಕ್ಟರೇ ಬಂದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ನರ್ಸುಗಳು ಹಿಡಿಶಾಪ ಹಾಕುತ್ತಾ ಹೋಗಿ ಆ ರೋಗಿಗೆ ಮತ್ತೊಮ್ಮೆ ಸೂಜಿ ಚುಚ್ಚುತ್ತಿದ್ದರು. ಇಂಥ ಮನುಷ್ಯನ ಪಕ್ಕದಲ್ಲಿ ಕೂತು ಊಟ ಮಾಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆದರೆ ಆ ಪರೀಕ್ಷೆ ಮಾಡುವಾಗ ಅವರನ್ನು ನೋಡಬೇಕಿತ್ತು. ಕೊಳವೆಯನ್ನು ಯಂತ್ರದಲ್ಲಿ ಗರಗರ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಇಡುತ್ತಿದ್ದರು. ಅದಕ್ಕೆ ಪರೀಕ್ಷೆಯ ಔಷಧ ಬಿಟ್ಟ ಕೂಡಲೇ ಸ್ಟಾಪ್‌ವಾಚು ಒತ್ತಿ, ನಳಿಗೆಯನ್ನು ಬಲ್ಬಿನ ಬೆಳಕಿಗೆ ಹಿಡಿದು ಮೆಲ್ಲಗೆ ಓಲಾಡಿಸುತ್ತಿದ್ದರು. ಒಳಗಿನ ತಿಳಿ ಆ ಕಡೆಗೆ, ಈ ಕಡೆಗೆ ಹರಿಯುತ್ತಲೇ ಇರುತ್ತದೆ. ಹರಿಯುತ್ತಾ ಹರಿಯುತ್ತಾ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅಷ್ಟು ಹೊತ್ತು ಅವರೂ ಉಸಿರು ಬಿಗಿಹಿಡಿದಿರುತ್ತಿದ್ದರು, ಕಿಟಕಿಯ ಈಚೆ ನಾನೂ. ಗಿರಾಕಿ ಎದುರಿಗೆ ನಿಂತು "ಏನಮ್ಮಾ, ಮಾತ್ರೆ ಕೊಡ್ತೀಯೋ ಇಲ್ವೋ" ಎಂದು ಕೇಳುವವರೆಗೂ.

ಹೀಗೆ ಸಿಕ್ಕ ಸೆಕೆಂಡುಗಳ ಲೆಕ್ಕಕ್ಕೆ ಒಂಟಿಯಾಗಿ ಅರ್ಥವಿಲ್ಲ. ಆ ಔಷಧದ ಒಂದು ಪೆಟ್ಟಿಗೆ ಚುರುಕು, ಇನ್ನೊಂದು ಮಂದ. ಅದಕ್ಕೇ ರೋಗಿಯ ರಕ್ತದ ಜೊತೆ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಔಷಧದಲ್ಲಿ ನೋಡಿ, ಇದು ಅದಕ್ಕಿಂತ ಎಷ್ಟು ಪಟ್ಟು ನಿಧಾನ ಎಂದು ಲೆಕ್ಕ ಹಾಕಬೇಕು. ದಿನಬೆಳಗಾದರೆ ಆರೋಗ್ಯವಂತರನ್ನು ಎಲ್ಲಿಂದ ತರುವುದು? ಲ್ಯಾಬಣ್ಣ ಅದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲೇ ತಮ್ಮ ರಕ್ತವನ್ನೇ ಇಟ್ಟರು, ಆಮೇಲೆ ಅದನ್ನೇ ಮುಂದುವರಿಸಿದರು. ಬೆಳಿಗ್ಗೆ ಬಂದವರೇ ಕೋಟಿನ ಎಡದೋಳು ಮಡಚಿ, ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು, ತಮಗೆ ತಾವೇ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಆ ಕೊಳವೆಯ ಮೇಲೆ 'ನಾರ್ಮಲ್' ಎಂದು ಬರೆದ ಚೀಟಿ ಅಂಟಿಸುತ್ತಿದ್ದರು.

"ಇಡೀ ಊರಿಗೆ ನೀವೊಬ್ರೇ ಸರಿ ಇರೋರು ಅನ್ನಿ" ಎಂದು ನಾನು ರೇಗಿಸುತ್ತಿದ್ದೆ. ಅವರು ಕೋಟಿನ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಹೆಮ್ಮೆ ಇತ್ತು, ಖಂಡಿತವಾಗಿಯೂ ಇತ್ತು. ಆ ಮನುಷ್ಯನಿಗೆ ಹೆಮ್ಮೆಪಡಲು ಬೇರೇನಿತ್ತು? ಹೆಂಡತಿ ಮಕ್ಕಳಿರಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಹೋದ ಮೇಲೆ ಸಾಕಿದ ಅಕ್ಕ ಒಬ್ಬರಿದ್ದರು. ಮಧ್ಯಾಹ್ನ ಡಬ್ಬಿ ತೆರೆದರೆ ಆ ಅಕ್ಕನ ಕೈಯ ಅಡುಗೆಯ ವಾಸನೆ ಕಿಟಕಿಯಿಂದ ನನ್ನ ಕಡೆಗೂ ಬಂದು ಹೊಟ್ಟೆ ಚುರುಗುಟ್ಟುತ್ತಿತ್ತು. ಅಕ್ಕ ತೀರಿಕೊಂಡ ಮೇಲೆ ಡಬ್ಬಿ ಬರುವುದು ನಿಂತಿತು. ಮಧ್ಯಾಹ್ನ ಲ್ಯಾಬಿನ ಬಾಗಿಲು ಅರ್ಧ ಮುಚ್ಚಿ, ಎರಡು ತುಂಡು ಬ್ರೆಡ್ಡನ್ನು ಟೀಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ರಾತ್ರಿಗೇನು ಎಂದು ಒಂದು ಸಲ ಕೇಳಿದೆ. "ಇದೆಯಲ್ಲ" ಎಂದರು. ಏನಿದೆ ಎಂದು ಹೇಳಲಿಲ್ಲ.

ಅವರ ಜೊತೆ ಕೂತು ಮಾತಾಡುತ್ತಿದ್ದವರು ಒಬ್ಬರೇ, ಟೈಲರಮ್ಮ. ಅವರ ಎದೆಯಲ್ಲಿ ಲೋಹದ ಕವಾಟ ಇತ್ತು. ದೊಡ್ಡ ಆಸ್ಪತ್ರೆಯಲ್ಲಿ ಹಾಕಿಸಿಕೊಂಡು ಬಂದದ್ದು. ಹತ್ತಿರ ಕೂತರೆ ಟಿಕ್ ಟಿಕ್ ಎಂದು ಸಣ್ಣಗೆ ಕೇಳಿಸುತ್ತಿತ್ತು. ಆ ಲೋಹಕ್ಕೆ ರಕ್ತ ಅಂಟಿ ಗಟ್ಟಿಯಾಗದಂತೆ ಬದುಕಿರುವವರೆಗೂ ರಕ್ತ ತೆಳುಮಾಡುವ ಮಾತ್ರೆ ನುಂಗಬೇಕು. ಮಾತ್ರೆ ಕಡಿಮೆಯಾದರೆ ಕವಾಟ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಮೈಯೊಳಗೆಲ್ಲೋ ರಕ್ತ ಒಡೆದು ಹರಿಯುತ್ತದೆ. ಎಷ್ಟು ಮಾತ್ರೆ ಎಂದು ಡಾಕ್ಟರು ಬರೆಯುವುದು ಲ್ಯಾಬಣ್ಣ ಕೊಟ್ಟ ಅಂಕಿ ನೋಡಿ. ಅಂಕಿ ಬರುವುದು ಲ್ಯಾಬಣ್ಣನ ರಕ್ತದ ಪಕ್ಕದಲ್ಲಿ ಟೈಲರಮ್ಮನ ರಕ್ತ ಇಟ್ಟು.

ತಿಂಗಳಿಗೊಮ್ಮೆ ಬರುತ್ತಿದ್ದ ಟೈಲರಮ್ಮ ಹೊರಗಿನ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ನೇರ ಒಳಗೆ ಹೋಗಿ ಕಿಟಕಿ ಪಕ್ಕದ ಕುರ್ಚಿ ಎಳೆದುಕೊಂಡು, ಫಲಿತಾಂಶ ಬರುವವರೆಗೆ ಗಿರಾಕಿಗಳ ಕಥೆ ಹೇಳುತ್ತಿದ್ದರು. "ಹೊಟ್ಟೆ ಬೆಳೆಸ್ಕೊಳ್ಳೋದು ಇವ್ರು, ಲ್ಯಾಬಣ್ಣ, ಬೈಸ್ಕೊಳ್ಳೋದು ನಾನು. ಅಂಗಿ ಕುಗ್ಗಿದೆ ಅಂತಾರೆ!" ಲ್ಯಾಬಣ್ಣ ನಗುತ್ತಿದ್ದರು. ಅವರು ನಗುವುದು ನನಗೆ ಕಾಣುತ್ತಿದ್ದದ್ದು ಆಗ ಮಾತ್ರ. ಆ ಕುರ್ಚಿಯ ಮೇಲೆ ಬೇರೆ ಯಾರಾದರೂ ಫೈಲು ಇಟ್ಟರೆ ಗದರಿಸಿ ತೆಗೆಸುತ್ತಿದ್ದರು.

ಹೀಗಿರುವಾಗ ಲ್ಯಾಬಣ್ಣನ ದವಡೆ ಹಲ್ಲು ಕೀವಾಗಿ ಮುಖ ಊದಿಕೊಂಡಿತು. ಹಲ್ಲಿನ ಡಾಕ್ಟರು ಕ್ಯಾಪ್ಸೂಲು ಬರೆದರು. ಹಲ್ಲು ಕೀಳಿಸಿಕೊಳ್ಳಲು ಹೆದರಿ, ವಾರಗಟ್ಟಲೆ ಅದನ್ನೇ ಮತ್ತೆ ಮತ್ತೆ ಬರೆಸಿಕೊಂಡು ನುಂಗಿದರು. ಅಗಿಯಲು ಆಗದೆ ಬ್ರೆಡ್ಡು ಇನ್ನಷ್ಟು ಹೊತ್ತು ಟೀಯಲ್ಲಿ ನೆನೆಯಿತು.

ಅದೇ ಸುಮಾರಿಗೆ ಟೈಲರಮ್ಮನ ಅಂಕಿ ಇಳಿಯತೊಡಗಿತು. ರಕ್ತ ಸಾಕಷ್ಟು ತೆಳುವಾಗಿಲ್ಲ ಎಂದು ಡಾಕ್ಟರು ಮಾತ್ರೆ ಏರಿಸಿದರು, ತಿಂಗಳು ಕಾಯದೆ ಮುಂದಿನ ವಾರವೇ ಬರಲು ಹೇಳಿದರು. ಮುಂದಿನ ವಾರವೂ ಅಂಕಿ ಸಾಲದು. ಮತ್ತೆ ಏರಿಸಿದರು. ಹೀಗೆ ಟೈಲರಮ್ಮ ವಾರವಾರ ಬರತೊಡಗಿದರು. ಲ್ಯಾಬಣ್ಣ ಆ ದಿನ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬರುತ್ತಿದ್ದುದನ್ನು ನಾನು ಗಮನಿಸಿದ್ದೆ. ಎಷ್ಟಾದರೂ ನನ್ನ ಕಣ್ಣು ಸುಮ್ಮನಿರುವ ಪೈಕಿಯಲ್ಲ.

ಒಂದು ಬೆಳಿಗ್ಗೆ ಟೈಲರಮ್ಮ ನನ್ನ ಕೌಂಟರಿನಲ್ಲಿ ಕೈ ಚಾಚಿದಾಗ ಮೊಣಕೈಯಿಂದ ಕೆಳಗೆ ಅಂಗೈಯಗಲ ಚರ್ಮ ನೀಲಿಗಟ್ಟಿತ್ತು.

"ಏನಮ್ಮಾ ಇದು? ಎಲ್ಲಾದ್ರೂ ಬಿದ್ರಾ?"

"ಇಲ್ವಲ್ಲ. ಮೇಜಿನ ಅಂಚು ತಗುಲಿತ್ತು ಅಷ್ಟೇ. ಹಲ್ಲುಜ್ಜಿದ್ರೂ ರಕ್ತ ಬರುತ್ತೆ ಈಗೀಗ. ಆದ್ರೆ ಇವತ್ತೂ ನಂಬರ್ ಕಡಿಮೆನೇ ಅಂತೆ ನೋಡು, ಇನ್ನೂ ಅರ್ಧ ಮಾತ್ರೆ ಜಾಸ್ತಿ ಬರ್ದಿದ್ದಾರೆ."

ಚೀಟಿಯಲ್ಲಿ ಡಾಕ್ಟರ ಸಹಿ ಇತ್ತು, ಮಾತ್ರೆ ಕೊಟ್ಟೆ. ಅವರು ಹೋದ ಮೇಲೆ ಮಾತ್ರ ಮನಸ್ಸು ತಡೆಯಲಿಲ್ಲ. ಕಿಟಕಿಯಲ್ಲಿ ತಲೆ ತೂರಿಸಿದೆ.

"ಅಣ್ಣಾ, ಅವರ ಮೈಯೆಲ್ಲಾ ನೀಲಿ ಆಗ್ತಿದೆ. ನಿಮ್ಮ ಪರೀಕ್ಷೆ ಇನ್ನೂ ಸಾಲ್ದು ಸಾಲ್ದು ಅಂತಿದೆಯಲ್ಲ, ಇದ್ಯಾವ ಲೆಕ್ಕ?"

ಅವರಿಗೆ ಸರ್ರನೆ ಕೋಪ ಬಂತು. "ನಿನ್ನ ಕೆಲಸ ನೀನು ನೋಡ್ಕೋ. ಗೆರೆ ಮುಟ್ಟಿದ ಕೊಳವೆ, ಸರಿಯಾದ ಬಿಸಿ ನೀರು, ಎರಡೆರಡು ಸಲ ಮಾಡಿದೀನಿ. ಈ ಸಲದ ಔಷಧ ಸ್ವಲ್ಪ ಮಂದ, ಅಷ್ಟೇ. ನನ್ನ ನಾರ್ಮಲ್ಲೂ ನಿಧಾನಕ್ಕೇ ಗಟ್ಟಿಯಾಗ್ತಿದೆ."

"ಔಷಧವೇ ಮಂದ ಅಂತ ಹೇಗೆ ಗೊತ್ತು? ನೀವೇ ಮಂದ ಆಗಿದ್ರೆ?"

ನಾನು ತಮಾಷೆಗೆ ಅಂದದ್ದು, ಸುಮ್ಮನೆ ಬಾಯಿಗೆ ಬಂತು ಅಂದೆ. ಅವರು ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಕೈಯಲ್ಲಿದ್ದ ನಳಿಗೆಯನ್ನು ತೊಟ್ಟಿಯ ಪಕ್ಕದಲ್ಲಿಟ್ಟು, "ಒಳಗೆ ಬಾ. ತೋಳು ಮೇಲೆ ಮಾಡು" ಎಂದರು.

ನನ್ನ ರಕ್ತ ತೆಗೆದರು. ಸಾಲದೆ ಬಾಗಿಲ ಬಳಿ ನಿಂತಿದ್ದ ಕಾವಲುಗಾರನನ್ನೂ ಕರೆದು ಅವನದ್ದೂ ತೆಗೆದರು. ಮೂರು ನಳಿಗೆಗಳನ್ನು ಒಂದಾದ ಮೇಲೊಂದು ಬೆಳಕಿಗೆ ಹಿಡಿದರು. ನನ್ನದು ಬೇಗ ನಿಂತುಬಿಟ್ಟಿತು. ಕಾವಲುಗಾರನದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ನಿಂತಿತು. ಕೊನೆಗೆ ತಮ್ಮದನ್ನು ಹಿಡಿದರು. ನಮ್ಮದು ನಿಂತ ಹೊತ್ತು ದಾಟಿದರೂ ಅವರದ್ದು ನೀರಿನ ಹಾಗೆ ಆ ಕಡೆಗೆ, ಈ ಕಡೆಗೆ ಹರಿಯುತ್ತಲೇ ಇತ್ತು. ಅದೇ ಔಷಧ, ಅದೇ ತೊಟ್ಟಿ, ಅದೇ ಕೈ.

ಅವರ ಮುಖ ನೋಡಲು ಆಗಲಿಲ್ಲ. ಅಳತೆಗೋಲೇ ಉದ್ದವಾಗಿದ್ದರಿಂದ ಟೈಲರಮ್ಮನ ರಕ್ತ ಗಿಡ್ಡ ಕಂಡಿತ್ತು. ನಿಜಕ್ಕೆ ಟೈಲರಮ್ಮನ ರಕ್ತ ಯಾವಾಗಲೋ ತೆಳುವಾಗಿ ಹೋಗಿತ್ತು, ನಾವು ಅದರ ಮೇಲೆ ಇನ್ನಷ್ಟು ಮಾತ್ರೆ ಸುರಿಯುತ್ತಿದ್ದೆವು.

"ಮಾತ್ರೆ ಕೊಟ್ಟೆಯಾ?" ಎಂದು ಕೇಳಿದರು.

"ಕೊಟ್ಟೆ ಅಣ್ಣಾ. ಚೀಟಿ ಇತ್ತು."

ದೊಡ್ಡ ಡಾಕ್ಟರಿಗೆ ಎರಡು ಮಾತಿನಲ್ಲಿ ವಿಷಯ ಹೇಳಿ, ಕೋಟು ಕೂಡ ಬಿಚ್ಚದೆ ಬೀದಿಗಿಳಿದರು. ಆ ಡಾಕ್ಟರು ಕನ್ನಡಕದ ಮೇಲಿಂದ ನೋಡುವ, ಮಾತಿಗಿಂತ ಮೊದಲೇ ಅರ್ಥ ಮಾಡಿಕೊಳ್ಳುವ ಹೆಂಗಸು. "ಹೋಗಿ, ಕರ್ಕೊಂಡ್ ಬನ್ನಿ" ಎಂದಷ್ಟೇ ಅಂದರು. ಟೈಲರಮ್ಮನ ಫೋನು ಎತ್ತುವವರಿರಲಿಲ್ಲ. ಹೊಲಿಗೆ ಯಂತ್ರದ ಸದ್ದಿನಲ್ಲಿ ಕೇಳಿಸುವುದಾದರೂ ಹೇಗೆ? ಅಂಗಡಿ ನನಗೆ ಗೊತ್ತಿದ್ದರಿಂದ ಕೌಂಟರಿಗೆ ಬೀಗ ಹಾಕಿ ನಾನೂ ಹಿಂದೆಯೇ ಓಡಿದೆ. ಲ್ಯಾಬಣ್ಣ ಯಾರ ಮನೆಗೂ ಹೋಗದೆ ಎಷ್ಟು ಕಾಲವಾಗಿತ್ತೋ. ಓಣಿಯ ತಿರುವಿನಲ್ಲೆಲ್ಲಾ ನಿಂತು ನನ್ನ ಮುಖ ನೋಡುತ್ತಿದ್ದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಅಂಗಿಗಳು, ನೆಲದ ತುಂಬ ಬಟ್ಟೆಯ ಚೂರು. ಟೈಲರಮ್ಮ ಯಂತ್ರದ ಮುಂದೆ ಕೂತು ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದರು. ಸೂಜಿ ತಾಕಿದ ರಕ್ತ ನಿಂತಿರಲಿಲ್ಲ. ಮಡಿಲಲ್ಲಿದ್ದ ಬಿಳಿ ಬಟ್ಟೆಗೆಲ್ಲಾ ಕೆಂಪು ಹತ್ತಿತ್ತು. ಮೇಜಿನ ಮೇಲೆ ನೀರಿನ ಲೋಟ, ಪಕ್ಕದಲ್ಲಿ ನಾನು ಕೊಟ್ಟ ಪೊಟ್ಟಣ.

"ಮಾತ್ರೆ ತಗೋಬೇಡಿ" ಎಂದರು ಲ್ಯಾಬಣ್ಣ, ಹೊಸ್ತಿಲಲ್ಲೇ ನಿಂತು. ಏದುಸಿರು. "ತಪ್ಪಾಗಿದೆ."

"ಯಾರದ್ದು?"

"ನನ್ನ ರಕ್ತ ಸರಿ ಇಲ್ಲ. ನಾನು... ಅದರ ಮೇಲೇನೇ ನಿಮ್ಮದನ್ನ ಅಳೀತಿದ್ದೆ."

ಟೈಲರಮ್ಮ ಬೈಯುತ್ತಾರೆಂದು ನಾನು ಕಾದೆ. ನಾನಾಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಅವರು ಕೊರಳಿನಲ್ಲಿದ್ದ ಟೇಪನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಇದೂ ಹಾಗೇ ಲ್ಯಾಬಣ್ಣ. ಎಳೆದೂ ಎಳೆದೂ ಹಿಗ್ಗಿಬಿಡುತ್ತೆ. ಹೊಸದು ತಂದು ಪಕ್ಕದಲ್ಲಿ ಹಿಡಿಯೋ ತನಕ ಗೊತ್ತೇ ಆಗಲ್ಲ" ಎಂದರು. ಆಮೇಲೆ, "ಒಳಗೆ ಬನ್ನಿ, ನಿಮ್ಮನ್ನೇ ಕೂರಿಸಿ ನೀರು ಕೊಡೋ ಹಾಗಿದೆ" ಎಂದರು. ಲ್ಯಾಬಣ್ಣ ಒಳಗೆ ಬಂದು, ಮೊದಲು ಮೇಜಿನ ಮೇಲಿದ್ದ ಪೊಟ್ಟಣ ಎತ್ತಿ ಕೋಟಿನ ಜೇಬಿಗಿಟ್ಟುಕೊಂಡರು.

ಟೈಲರಮ್ಮನನ್ನು ಆಸ್ಪತ್ರೆಗೆ ಸೇರಿಸಿಕೊಂಡು ಮಾತ್ರೆ ನಿಲ್ಲಿಸಿದರು. ಅದೇ ಮಾತ್ರೆ ನುಂಗುತ್ತಿದ್ದ ಉಳಿದ ಕೆಲವರನ್ನೂ ಕರೆಸಿದರು. ಯಾರಿಗೂ ಪ್ರಾಣಕ್ಕೆ ಕುತ್ತು ಬರಲಿಲ್ಲ. ಆದರೆ ಲ್ಯಾಬಣ್ಣ ವಾರ್ಡಿನ ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹಿಂದಿರುಗುತ್ತಿದ್ದರು.

ದೊಡ್ಡ ಡಾಕ್ಟರು ಲ್ಯಾಬಣ್ಣನನ್ನೂ ಕೂರಿಸಿ ಪರೀಕ್ಷಿಸಿದರು. ಕಿಟಕಿಯಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಊಟಕ್ಕೆ ಏನ್ ತಗೋತೀರಿ?"

"ಬ್ರೆಡ್ಡು. ಟೀ."

"ಅದು ತಿಂಡಿ. ಊಟಕ್ಕೆ?"

"ಅದೇ."

"ಸೊಪ್ಪು, ತರಕಾರಿ?"

"ಅಕ್ಕ ಇದ್ದಾಗ ತಿಂತಿದ್ದೆ."

ರಕ್ತ ಗಟ್ಟಿಯಾಗಲು ಬೇಕಾದ ಒಂದು ಜೀವಸತ್ವ ಸೊಪ್ಪಿನಲ್ಲಿ ಇರುತ್ತದೆ, ಒಂದಿಷ್ಟನ್ನು ಕರುಳಿನ ಸೂಕ್ಷ್ಮಜೀವಿಗಳೂ ಮಾಡಿಕೊಡುತ್ತವೆ ಎಂದು ಡಾಕ್ಟರು ಆಮೇಲೆ ನನಗೆ ವಿವರಿಸಿದರು. ಸೊಪ್ಪನ್ನು ಇವರೇ ಬಿಟ್ಟಿದ್ದರು, ಸೂಕ್ಷ್ಮಜೀವಿಗಳನ್ನು ಹಲ್ಲಿನ ಕ್ಯಾಪ್ಸೂಲು ಕೊಂದಿತ್ತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಗೆರೆಗೆ ಒಂದು ಹನಿ ಕಡಿಮೆಯಾದರೆ ರಂಪ ಮಾಡುವ ಮನುಷ್ಯ, ತನ್ನ ತಟ್ಟೆ ಖಾಲಿಯಾದದ್ದನ್ನು ನೋಡಿಕೊಳ್ಳಲಿಲ್ಲವಲ್ಲ! ಆ ಮನೆಯಲ್ಲಿ ಒಬ್ಬರೇ ಕೂತು ಬ್ರೆಡ್ಡು ನೆನೆಸಿದ್ದೆಲ್ಲ ರಕ್ತಕ್ಕಿಳಿದು, ಕೊಳವೆಗಿಳಿದು, ಇನ್ನೊಬ್ಬರ ತೋಳಿನ ಮೇಲೆ ನೀಲಿಯಾಗಿ ಕಾಣಿಸಿಕೊಂಡಿತ್ತು.

"ಇನ್ಮೇಲೆ ಒಬ್ಬರ ರಕ್ತ ಬೇಡ" ಎಂದರು ಡಾಕ್ಟರು. "ನಾನೂ ಮೊದಲೇ ಕೇಳ್ಬೇಕಿತ್ತು. ಇಪ್ಪತ್ತು ಜನ ಆರೋಗ್ಯವಂತರದ್ದು ತಗೊಳ್ಳಿ. ಹೆಂಗಸರು, ಗಂಡಸರು ಎಲ್ಲಾ ಇರಲಿ. ಒಬ್ಬೊಬ್ಬರದ್ದೂ ನೋಡಿ ಸರಾಸರಿ ತೆಗೀರಿ, ಅದೇ ನಮ್ಮ ನಾರ್ಮಲ್. ಔಷಧದ ಹೊಸ ಪೆಟ್ಟಿಗೆ ಬಂದಾಗಲೆಲ್ಲಾ ಮತ್ತೆ ಇಪ್ಪತ್ತು ಜನ."

"ನನ್ನದೂ ಸೇರಿಸಿ ಇಪ್ಪತ್ತಾ?"

"ನಿಮ್ಮದು ಬೇಡ."

ಲ್ಯಾಬಣ್ಣ ಮಡಚಿದ್ದ ತೋಳನ್ನು ಬಿಡಿಸಿ ಗುಂಡಿ ಹಾಕಿಕೊಂಡರು.

ಇಪ್ಪತ್ತು ಜನ ಎಂದರೆ ನನಗೆ ಒಂದು ಬೆಳಗಿನ ಮಾತು. ಅವರಿಗೆ ಬೆಟ್ಟ. ಅಷ್ಟು ಜನರನ್ನು ಅವರು ಮಾತಾಡಿಸಿದ್ದರೆ ತಾನೇ! ಎಕ್ಸ್-ರೇ ಕೋಣೆಯ ಹುಡುಗಿಯ ಮುಂದೆ ಹೋಗಿ ನಿಂತು, ಪಕ್ಕದ ಮನೆಯಿಂದ ಸಕ್ಕರೆ ಕೇಳುವವರ ಹಾಗೆ, "ಸ್ವಲ್ಪ ರಕ್ತ ಬೇಕಿತ್ತು" ಎಂದರಂತೆ. ಅವಳು ಗಾಬರಿಯಿಂದ ನನ್ನ ಹತ್ತಿರ ಓಡಿಬಂದಳು. ಕ್ಯಾಂಟೀನಿನವನು ಮುಖ ತಿರುಗಿಸಿದ. ಕೊನೆಗೆ ಅವರು ನರ್ಸುಗಳ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು. ಒಳಗೆ ಗುಸುಗುಸು, ಕಿಸಿಕಿಸಿ ನಗು. ಯಾರನ್ನು ಅಷ್ಟು ಕಾಲ ಬೈದಿದ್ದರೋ ಅವರ ಮುಂದೆಯೇ ಈಗ ಕೈಯೊಡ್ಡಬೇಕು. ಹಿರಿಯ ನರ್ಸು ಎದ್ದು ಬಂದು ತೋಳು ಚಾಚಿ, "ಗೆರೆ ಮುಟ್ಟೋ ಹಾಗೆ ತೆಗೀರಿ. ಇಲ್ಲಾಂದ್ರೆ ವಾಪಸ್ ಕಳಿಸ್ತೀನಿ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಲ್ಯಾಬಣ್ಣ ನಗಲಿಲ್ಲ, ತಲೆ ತಗ್ಗಿಸಿ ರಬ್ಬರ್ ಪಟ್ಟಿ ಬಿಗಿದರು. ಅವರ ಕಣ್ಣು ತುಂಬಿದ್ದನ್ನು ನೋಡಿ ನರ್ಸುಗಳು ಒಬ್ಬೊಬ್ಬರಾಗಿ ಸುಮ್ಮನಾಗಿ ಸಾಲಿಗೆ ನಿಂತರು.

ಹೀಗೆ ಇಪ್ಪತ್ತಾಯಿತು. ಅದರಲ್ಲಿ ನಾನೂ ಒಬ್ಬಳು, ಕಾವಲುಗಾರನೂ ಒಬ್ಬ.

ಹೊಸ ಅಳತೆ ಬಂದ ಮೇಲೆ ಟೈಲರಮ್ಮನ ಮಾತ್ರೆ ಹಳೆಯ ಲೆಕ್ಕಕ್ಕೆ ಇಳಿಯಿತು. ತೋಳಿನ ನೀಲಿ ಹಳದಿಯಾಗಿ, ಹಳದಿ ಮಾಸಿ ಹೋಯಿತು. ಅಂಕಿ ಸ್ಥಿರವಾಗುವವರೆಗೆ ವಾರವಾರ ಬಂದರು. ಅದೇ ಕುರ್ಚಿ, ಅದೇ ಗಿರಾಕಿಗಳ ಕಥೆ. "ಡಾಕ್ಟರು ನಿಮಗೆ ಸೊಪ್ಪು ಜಾಸ್ತಿ ತಿನ್ನಿ ಅಂತಾರೆ, ನನಗೆ ಅಳತೆ ಮೀರಬೇಡಿ ಅಂತಾರೆ. ನಮ್ಮಿಬ್ಬರಿಗೆ ಒಂದೇ ಒಲೆ ಮೇಲೆ ಅಡುಗೆ ಆಗಲ್ಲ ಬಿಡಿ" ಎಂದು ಒಮ್ಮೆ ನಕ್ಕರು. ಲ್ಯಾಬಣ್ಣನೂ ನಕ್ಕರು, ಸ್ವಲ್ಪ ತಡವಾಗಿ.

ನಾನು ಆಗಾಗ ಡಬ್ಬಿಯಲ್ಲಿ ಪಲ್ಯ ತಂದು ಕಿಟಕಿಯಿಂದ ತಳ್ಳುತ್ತಿದ್ದೆ. ತಿಂದು, ಡಬ್ಬಿ ತೊಳೆದು, ಒರೆಸಿ ಕೊಡುತ್ತಿದ್ದರು. ಅವರ ರಕ್ತ ಸರಿಹೋಯಿತು. ಆದರೆ ಅದನ್ನು ಈಗ ಕೇಳುವವರಿರಲಿಲ್ಲ. ಬೆಳಿಗ್ಗೆ ಬಂದವರೇ ಅಭ್ಯಾಸಬಲದಿಂದ ಎಡದೋಳು ಮಡಚುತ್ತಿದ್ದರು. ಮಡಚಿದ ಮೇಲೆ ನೆನಪಾಗಿ, ಬರಿದೇ ತೋಳು ನೋಡಿಕೊಂಡು ಕೂತಿರುತ್ತಿದ್ದರು.

ಕಳೆದ ವಾರ ಟೈಲರಮ್ಮ ಬಂದಿದ್ದರು. ಲ್ಯಾಬಣ್ಣ ಇಸ್ತ್ರಿ ಮಾಡಿದ ಕೋಟಿನಲ್ಲಿದ್ದರು. ನಳಿಗೆಯನ್ನು ಬೆಳಕಿಗೆ ಹಿಡಿದರು, ಸ್ಟಾಪ್‌ವಾಚು ಒತ್ತಿದರು, ಲೆಕ್ಕ ಹಾಕಿದರು. ಮತ್ತೊಮ್ಮೆ ಮಾಡಿದರು. ಎರಡು ಸಲವೂ ಒಂದೇ ಅಂಕಿ, ಎಷ್ಟಿರಬೇಕೋ ಅಷ್ಟೇ. ಚೀಟಿ ಡಾಕ್ಟರ ಕೋಣೆಗೆ ಹೋಗಿ ಬಂತು. ಲ್ಯಾಬಣ್ಣ ಅದನ್ನು ಓದಿಕೊಂಡು ಹಾಗೇ ಹಿಡಿದುಕೊಂಡಿದ್ದರು. ಕೋಣೆಯಲ್ಲಿ ಆ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಏನಂತೆ? ಮುಂದಿನ ವಾರ ಬರ್ಬೇಕಾ?" ಎಂದು ಟೈಲರಮ್ಮ ಕೇಳಿದರು.

"ಬೇಡ."

"ಮುಂದಿನ ತಿಂಗಳು?"

"ಅದೂ ಬೇಡ. ಸರಿಯಾಗಿದೆ. ತುಂಬಾ ಚೆನ್ನಾಗಿ ಸರಿಯಾಗಿದೆ. ಇನ್ನು ಮೂರು ತಿಂಗಳಿಗೊಂದು ಸಲ ಬಂದ್ರೆ ಸಾಕು."

"ಅಬ್ಬಾ, ಬದುಕಿದೆ!" ಎಂದು ಟೈಲರಮ್ಮ ಚೀಲ ಎತ್ತಿಕೊಂಡು, "ಚೆನ್ನಾಗಿ ತಿನ್ನಿ ಲ್ಯಾಬಣ್ಣ" ಎಂದು ಹೇಳಿ ಹೋದರು. ಆ ಸಂತೋಷ ನ್ಯಾಯವಾದದ್ದೇ. ಯಾರು ತಾನೇ ಆಸ್ಪತ್ರೆಗೆ ಬರಲು ಆಸೆಪಡುತ್ತಾರೆ?

ಲ್ಯಾಬಣ್ಣ ನಳಿಗೆಗಳನ್ನು ತೊಳೆದಿಟ್ಟರು. ಕುರ್ಚಿಯನ್ನು ಗೋಡೆಗೆ ಸರಿಸಿದರು, ಮತ್ತೆ ಮೊದಲಿನ ಜಾಗಕ್ಕೇ ಎಳೆದಿಟ್ಟರು. ಆಮೇಲೆ ಕಿಟಕಿಯ ಹತ್ತಿರ ಬಂದರು. ಸೆಕೆಂಡಿನ ಚೂರನ್ನೂ ಬಿಡದೆ ಎಣಿಸುವ ಮನುಷ್ಯ, ನನ್ನ ಬೆನ್ನ ಹಿಂದಿದ್ದ ಕ್ಯಾಲೆಂಡರ್ ನೋಡುತ್ತಾ ಕೇಳಿದರು:

"ಮೂರು ತಿಂಗಳು ಅಂದ್ರೆ ಯಾವಾಗ ಬರುತ್ತಮ್ಮಾ?"

ರೇಗಿಸಲು ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಎದ್ದು ಹೋಗಿ ಒಂದೊಂದೇ ಹಾಳೆ ಎತ್ತಿ ತೋರಿಸಿದೆ.